ಕುರಿ ತಾನಾಗಿಯೇ ಮರಿ ಹಾಕುತ್ತದಲ್ವಾ, ನೀವ್ಯಾಕೆ ನಿದ್ದೆಗೆಡುತ್ತೀರಿ?

ಪ್ರತಿ ವಸಂತದಲ್ಲೂ ಈ ಪ್ರಶ್ನೆ ನನಗೆ ಬಂದೇ ಬರುತ್ತದೆ. ನನ್ನದು ಹದಿನೆಂಟು ಕುರಿಗಳ ಸಣ್ಣ ಹಿಂಡು. ಮರಿ ಹಾಕುವ ಕಾಲ ಬಂತೆಂದರೆ ಮೂರ್ನಾಲ್ಕು ವಾರ ನನ್ನ ಹಾಸಿಗೆ ದೊಡ್ಡಿಯಲ್ಲೇ. ಕೆಂಪಾದ ಕಣ್ಣು ನೋಡಿ ಜನ ಕೇಳುತ್ತಾರೆ: "ಕಾಡಿನ ಕುರಿಗೆ ಯಾರು ಬಾಣಂತನ ಮಾಡ್ತಾರೆ? ಅದು ತಾನಾಗಿಯೇ ಮರಿ ಹಾಕುತ್ತದಲ್ವಾ?"

ಹೌದು, ತಾನಾಗಿಯೇ ಹಾಕುತ್ತದೆ. ಬಹಳಷ್ಟು ಸಲ ನಾನು ಕುರಿಯನ್ನು ಮುಟ್ಟುವುದೂ ಇಲ್ಲ. ಮರಿ ಹೊರಗೆ ಬರುವುದಕ್ಕೆ ನನ್ನ ಅಗತ್ಯ ಕಡಿಮೆ. ನಾನು ಎಚ್ಚರವಾಗಿರುವುದು ಆಮೇಲಿನ ಆರು ಗಂಟೆಗಾಗಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮಕ್ಕಳು ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿಯನ್ನು ಒಂದಿಷ್ಟು ಪಡೆದಿರುತ್ತಾರೆ. ಕುರಿಮರಿಗೆ ಆ ಭಾಗ್ಯವಿಲ್ಲ. ಕುರಿಯ ಮಾಸು ತಾಯಿಯ ಪ್ರತಿಕಾಯಗಳನ್ನು ಮರಿಯ ಕಡೆಗೆ ದಾಟಲು ಬಿಡುವುದಿಲ್ಲ. ಹಾಗಾಗಿ ಮರಿ ಹುಟ್ಟುವುದೇ ಬರಿಗೈಯಲ್ಲಿ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣು ಹಾಲಿನಲ್ಲಿದೆ. ಆದರೆ ಆ ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಂಡು ರಕ್ತಕ್ಕೆ ಸೇರಿಸುವ ಶಕ್ತಿ ಮರಿಯ ಕರುಳಿಗೆ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಗಂಟೆ ಗಂಟೆಗೂ ಅದು ಕಡಿಮೆಯಾಗುತ್ತಾ ಹೋಗಿ, ಸುಮಾರು 24 ಗಂಟೆಗೆ ಬಾಗಿಲು ಮುಚ್ಚುತ್ತದೆ. ಮರುದಿನ ಎಷ್ಟು ಹಾಲು ಕುಡಿಸಿದರೂ ಹೊಟ್ಟೆ ತುಂಬುತ್ತದೆ, ಆ ರಕ್ಷಣೆ ಸಿಗುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಹೀಗಿದೆ. ಮೊದಲ ಗುಟುಕು ಎರಡು ಗಂಟೆಯೊಳಗೆ ಹೋಗಬೇಕು. ಆರು ಗಂಟೆಯೊಳಗೆ ಹೊಟ್ಟೆ ಚೆನ್ನಾಗಿ ತುಂಬಿರಬೇಕು. ಕೈಯಿಂದ ಕುಡಿಸಬೇಕಾಗಿ ಬಂದರೆ ಮರಿಯ ತೂಕದ ಒಂದು ಕಿಲೋಗೆ ಒಂದು ಸಲಕ್ಕೆ 50 ಮಿಲಿ, ಮೊದಲ ದಿನವಿಡೀ ಸೇರಿ ಕಿಲೋಗೆ ಸುಮಾರು 200 ಮಿಲಿ. ನಾಲ್ಕು ಕಿಲೋ ಮರಿಗೆ ದಿನಕ್ಕೆ 800 ಮಿಲಿ ಆಯಿತು. ಕೇಳಿದವರಿಗೆ ಇದು ಜಾಸ್ತಿ ಅನಿಸುತ್ತದೆ. ಜಾಸ್ತಿಯಲ್ಲ.

ಇನ್ನು ಚಳಿ. ಒಳಗೆ 39 ಡಿಗ್ರಿ ಬೆಚ್ಚಗೆ ಇದ್ದ ಜೀವ ಒದ್ದೆ ಮೈಯಲ್ಲಿ ನಡುರಾತ್ರಿಯ ಗಾಳಿಗೆ ಬಂದು ಬೀಳುತ್ತದೆ. ಮೈ ಬಿಸಿ ಕಾಯ್ದುಕೊಳ್ಳಲು ಒಂದಿಷ್ಟು ಕಂದು ಕೊಬ್ಬನ್ನು ಹೊತ್ತು ತಂದಿರುತ್ತದೆ. ಅದು ಸುಮಾರು ಐದು ಗಂಟೆಗೆ ಸಾಕಾಗುತ್ತದೆ. ಅಷ್ಟರಲ್ಲಿ ಹಾಲು ಸಿಗದಿದ್ದರೆ ಒಲೆ ಆರಿದ ಹಾಗೆ.

ಹಾಗಾದರೆ ಕಾಡಿನ ಕುರಿ? ಅಲ್ಲಿ ಸಾಯುವ ಮರಿಗಳನ್ನು ನಾವು ನೋಡುವುದಿಲ್ಲ, ಅಷ್ಟೇ. ಅದೂ ಅಲ್ಲದೆ, ಸಾಕಿದ ಕುರಿಯನ್ನು ಅವಳಿ, ತ್ರಿವಳಿ ಹಾಕುವಂತೆ ಆರಿಸಿ ಬೆಳೆಸಿದವರು ನಾವೇ. ಕುರಿಗೆ ಇರುವುದು ಎರಡೇ ಮೊಲೆ. ಮೂರನೆಯ ಮರಿ ನಮ್ಮ ಹೊಣೆ ಅಂತಲೇ ನಾನು ನಂಬಿದ್ದೇನೆ.

ದೊಡ್ಡಿಯಲ್ಲಿ ಕೂತು ಮಾಡುವ ಮುಖ್ಯ ಕೆಲಸ ಸುಮ್ನೆ ನೋಡುವುದು. ದಿನ ಹತ್ತಿರ ಬಂದ ಕುರಿ ಹಿಂಡು ಬಿಟ್ಟು ಮೂಲೆ ಹಿಡಿಯುತ್ತದೆ. ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ಮತ್ತೆ ಕೆರೆಯುತ್ತದೆ. ಮಲಗಿ ಮೂತಿ ಮೇಲೆತ್ತಿ ತಿಣುಕುತ್ತದೆ. ನೀರಿನ ಚೀಲ ಒಡೆದ ಮೇಲೆ ಎರಡು ಗೊರಸು, ಅದರ ಮೇಲೆ ಮೂಗಿನ ತುದಿ ಕಂಡರೆ ನಾನು ಕುರ್ಚಿಯಿಂದ ಏಳುವುದಿಲ್ಲ. ಮರಿ ಸರಿಯಾದ ದಾರಿಯಲ್ಲಿದೆ. ಅರ್ಧ ಗಂಟೆ ಬಲವಾಗಿ ತಿಣುಕಿಯೂ ಏನೂ ಕಾಣದಿದ್ದರೆ, ಬರೀ ತಲೆಯೋ ಬಾಲವೋ ಕಂಡರೆ, ಆಗ ಕೈ ತೊಳೆದು ಗ್ಲೌಸ್ ಹಾಕಿ, ಜಾರುವ ಜೆಲ್ ಸವರಿಕೊಂಡು ಒಳಗೆ ನೋಡುತ್ತೇನೆ. ಸಿಕ್ಕಿದ ಕಾಲು ಆ ತಲೆಯದ್ದೇ ಹೌದಾ ಅಂತ ಭುಜದವರೆಗೂ ಬೆರಳಾಡಿಸಿ ಖಚಿತ ಮಾಡಿಕೊಳ್ಳಬೇಕು. ಅವಳಿಯಾದರೆ ಒಂದರ ತಲೆ, ಇನ್ನೊಂದರ ಕಾಲು ಒಟ್ಟಿಗೆ ಬಂದಿರಬಹುದು. ಹತ್ತು ನಿಮಿಷದಲ್ಲಿ ನನಗೆ ಬಗೆಹರಿಯದಿದ್ದರೆ ಪಶುವೈದ್ಯರಿಗೆ ಫೋನ್ ಮಾಡುತ್ತೇನೆ. ಇಪ್ಪತ್ತು ನಿಮಿಷ ನೋಡೋಣ ಅಂತ ಕೂರುವುದಿಲ್ಲ.

ಮುಟ್ಟದೆ ಕೂರುವುದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ ಒಂದು ಚೊಚ್ಚಲ ಕುರಿ ಮರಿ ಹಾಕಿದ ಕೂಡಲೇ ಓಡಿಹೋಗಿ ಮರಿಯನ್ನು ಎತ್ತಿಕೊಂಡೆ. ಟವೆಲಿನಲ್ಲಿ ಚೆನ್ನಾಗಿ ಒರೆಸಿ, ಒಣಗಿಸಿ, ತಾಯಿಯ ಮುಂದೆ ಇಟ್ಟೆ. ಅದು ಮೂಸಿ ನೋಡಿತು. ಮುಖ ತಿರುಗಿಸಿ ಹೊರಟೇ ಹೋಯಿತು. ತಾಯಿ ತನ್ನ ಮರಿಯನ್ನು ಗುರುತು ಹಿಡಿಯುವುದೇ ಆ ಲೋಳೆಯ ವಾಸನೆಯಿಂದ. ನೆಕ್ಕುತ್ತಾ ನೆಕ್ಕುತ್ತಾ ಮೊದಲ ಒಂದೆರಡು ಗಂಟೆಯಲ್ಲಿ ನಂಟು ಬೆಸೆಯುತ್ತದೆ. ನಾನು ಆ ನಂಟನ್ನೇ ಟವೆಲಿನಲ್ಲಿ ಒರೆಸಿಬಿಟ್ಟಿದ್ದೆ. ಈಗ ಮರಿಯ ಮೂಗು ಬಾಯಿಗೆ ಲೋಳೆ ಕಟ್ಟಿಕೊಂಡಿದ್ದರೆ ಅಷ್ಟನ್ನು ಮಾತ್ರ ತೆಗೆಯುತ್ತೇನೆ. ಉಸಿರು ಶುರುವಾಗದಿದ್ದರೆ ಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕುತ್ತೇನೆ, ಅದು ಸೀನಿ ಉಸಿರೆಳೆಯುತ್ತದೆ. ಆಮೇಲೆ ಮರಿಯನ್ನು ತಾಯಿಯ ಮೂತಿಯ ಮುಂದೆ ಬಿಟ್ಟು ಹಿಂದೆ ಸರಿಯುತ್ತೇನೆ. ಆಗ ತಾಯಿ ಗಂಟಲಲ್ಲೇ ಒಂದು ಸಣ್ಣ ಗುರುಗುಟ್ಟುವ ದನಿ ತೆಗೆಯುತ್ತದೆ. ಬೇರೆ ಹೊತ್ತಿನಲ್ಲಿ ಆ ದನಿ ಅಷ್ಟಾಗಿ ಕೇಳಿಸುವುದಿಲ್ಲ. ಅದನ್ನು ಕೇಳಿದರೆ ನನಗೆ ಅರ್ಧ ಭಯ ಹೋಗುತ್ತದೆ.

ನೆಕ್ಕಿ ಮುಗಿದ ಮೇಲೆ ನನ್ನ ಸಣ್ಣಪುಟ್ಟ ಕೆಲಸ. ಹೊಕ್ಕುಳ ಬಳ್ಳಿಯನ್ನು ಅಯೋಡಿನ್‌ನಲ್ಲಿ ಪೂರ್ತಿ ಅದ್ದುತ್ತೇನೆ. ಎರಡೂ ಮೊಲೆಯನ್ನು ಒಂದೊಂದು ಸಲ ಹಿಂಡಿ ನೋಡುತ್ತೇನೆ. ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ. ಶಕ್ತಿಯಿಲ್ಲದ ಮರಿ ಅದನ್ನು ಒಡೆಯಲಾರದೆ ಚೀಪಿ ಚೀಪಿ ಸುಸ್ತಾಗುತ್ತದೆ. ನೋಡಿದವರು ಹಾಲು ಕುಡಿಯುತ್ತಿದೆ ಅಂದುಕೊಳ್ಳುತ್ತಾರೆ. ಕುಡಿಯುವ ಮರಿಯ ಬಾಲ ಪಟಪಟ ಆಡುತ್ತದೆ. ತಾಯಿ ಮರಿ ಎರಡನ್ನೂ ಒಂದೂವರೆ ಮೀಟರ್ ಅಗಲದ ಸಣ್ಣ ಗೂಡಿನಲ್ಲಿ ಒಂದೆರಡು ದಿನ ಬೇರೆ ಇಡುತ್ತೇನೆ. ಚೊಚ್ಚಲ ಕುರಿಗಾದರೆ ಇನ್ನೊಂದು ದಿನ ಜಾಸ್ತಿ.

ಈಗ ಹೇಳಲು ಕಷ್ಟವಾಗುವ ಮಾತು. ಎರಡನೇ ವರ್ಷ ಒಂದು ಬೆಳಿಗ್ಗೆ, ರಾತ್ರಿ ಹುಟ್ಟಿದ ಮರಿಯೊಂದು ಕಾಲು ಚಾಚಿ ಬಿದ್ದಿತ್ತು. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಆ ರಾತ್ರಿ ನಾನು ಮನೆಗೆ ಹೋಗಿ ಮಲಗಿದ್ದೆ. ಗಾಬರಿಯಲ್ಲಿ ಮರಿಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದೆ. ಮೈ ಬಿಸಿಯಾಯಿತು, ಕಣ್ಣು ಬಿಟ್ಟಿತು, ಬದುಕಿತು ಅಂದುಕೊಂಡೆ. ಅಷ್ಟರಲ್ಲಿ ಸೆಟೆದುಕೊಂಡು ನನ್ನ ಕೈಯಲ್ಲೇ ಸತ್ತಿತು. ಆಮೇಲೆ ಪಶುವೈದ್ಯರು ಬಿಡಿಸಿ ಹೇಳಿದರು. ಐದು ಗಂಟೆ ದಾಟಿದ, ಹಾಲು ಕಾಣದ ಮರಿಯ ರಕ್ತದಲ್ಲಿ ಸಕ್ಕರೆ ಉಳಿದಿರುವುದಿಲ್ಲ. ಮೈ ಕಾಯಿಸಿದರೆ ಮಿದುಳು ಎಚ್ಚೆತ್ತು ಸಕ್ಕರೆ ಕೇಳುತ್ತದೆ. ಕೊಡಲು ಏನೂ ಇರುವುದಿಲ್ಲ. ಫಿಟ್ಸ್ ಬರುವುದು ಅದಕ್ಕೇ.

ಅಂದಿನಿಂದ ನನ್ನ ಜೇಬಿನಲ್ಲಿ ಥರ್ಮಾಮೀಟರ್ ಇದೆ. ಗುದದಲ್ಲಿಟ್ಟು ನೋಡಿದರೆ ಒಳ್ಳೆಯ ಮರಿ 39ರಿಂದ 40 ಡಿಗ್ರಿ ತೋರಿಸುತ್ತದೆ. 37ರಿಂದ 39ರ ನಡುವೆ ಇದ್ದರೆ ಒಣಗಿಸಿ, ಹಾಲು ಕುಡಿಸಿ, ಗಾಳಿ ತಾಗದ ಕಡೆ ಇಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. 37ಕ್ಕಿಂತ ಕೆಳಗಿದ್ದರೆ ಮೊದಲು ವಯಸ್ಸು ಲೆಕ್ಕ ಹಾಕುತ್ತೇನೆ. ಐದು ಗಂಟೆ ಆಗಿಲ್ಲದಿದ್ದರೆ ಒಣಗಿಸಿ ಕಾಯಿಸಿ, ಆಮೇಲೆ ಹಾಲು. ಐದು ಗಂಟೆ ದಾಟಿದ್ದು, ತಲೆ ಎತ್ತಲಾರದೆ ಬಿದ್ದಿದ್ದರೆ ಮೊದಲು ಗ್ಲೂಕೋಸ್ ಇಂಜೆಕ್ಷನ್, ಅದು ಆದ ಮೇಲೆಯೇ ಕಾಯಿಸುವುದು. ಆ ಇಂಜೆಕ್ಷನ್ ಹೊಟ್ಟೆಯೊಳಗೆ ಕೊಡುವಂಥದ್ದು. ದಯವಿಟ್ಟು ಓದಿ ಕಲಿಯಬೇಡಿ, ಪಶುವೈದ್ಯರ ಮುಂದೆ ನಿಂತು ಕಲಿಯಿರಿ. ಇನ್ನೊಂದು ಮಾತು. ತಲೆ ಎತ್ತಿ ಹಿಡಿಯಲಾರದ ಮರಿಗೆ ಬಾಟಲಿಯಾಗಲಿ ಟ್ಯೂಬ್ ಆಗಲಿ ಬೇಡವೇ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಬಾಟಲಿ ಮರಿ ನೋಡಿ ಎಲ್ಲರೂ ಮುದ್ದು ಮಾಡುತ್ತಾರೆ. ನನಗೂ ಮುದ್ದೇ. ಆದರೂ ತಬ್ಬಲಿ ಮರಿಗೆ ಬಾಟಲಿಗಿಂತ ಇನ್ನೊಂದು ತಾಯಿ ಹುಡುಕುವುದಕ್ಕೇ ನಾನು ಹೆಣಗುತ್ತೇನೆ. ಒಂಟಿ ಮರಿ ಹಾಕುತ್ತಿರುವ ಕುರಿಯ ಹೆರಿಗೆಯ ನೀರಿನಲ್ಲಿ ತಬ್ಬಲಿಯನ್ನು ಚೆನ್ನಾಗಿ ತೋಯಿಸಿ, ಹೊಸ ಮರಿಯ ಜೊತೆಗೇ ಮುಂದಿಡುತ್ತೇನೆ. ತಾಯಿ ಎರಡನ್ನೂ ನೆಕ್ಕಿದರೆ ಗೆದ್ದ ಹಾಗೆ. ಮರಿ ಸತ್ತ ಕುರಿಯಾದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಅಂಗಿಯಂತೆ ತೊಡಿಸುವ ಹಳೆಯ ಉಪಾಯವಿದೆ. ನೋಡಲು ಸಂಕಟವಾಗುತ್ತದೆ. ಆದರೆ ಆ ತಾಯಿ ಬಗ್ಗಿ ಬಾಲದ ಬುಡ ಮೂಸಿ, ಹಾಲಿಗೆ ನಿಂತುಕೊಳ್ಳುವುದನ್ನು ಒಮ್ಮೆ ನೋಡಿದವರು ಮತ್ತೆ ಸಂಕೋಚಪಡುವುದಿಲ್ಲ. ತಾಯಿ ಸಿಗಲೇ ಇಲ್ಲವೆಂದರೆ ಬಾಟಲಿ. ಕುರಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬೂ ಪ್ರೋಟೀನೂ ಜಾಸ್ತಿ, ಹಾಗಾಗಿ ಕುರಿಮರಿಗೆಂದೇ ಮಾಡಿದ ಹಾಲಿನ ಪುಡಿ ಒಳ್ಳೆಯದು. ಕಲಸುವ ಅಳತೆ, ಕೊಡುವ ಹೊತ್ತು, ಬಿಸಿ ದಿನದಿನಕ್ಕೂ ಬದಲಾದರೆ ಹೊಟ್ಟೆ ಉಬ್ಬರಿಸುತ್ತದೆ.

"ವಸಂತದಲ್ಲೇ ಯಾಕೆ?" ಅಂತಲೂ ಕೆಲವರು ಕೇಳುತ್ತಾರೆ. ಹಗಲು ಕುಗ್ಗತೊಡಗಿದಾಗ ಕುರಿ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 147 ದಿನ. ಮರಿ ಹುಟ್ಟುವ ಹೊತ್ತಿಗೆ ಹೊಸ ಹುಲ್ಲು ಮೊಳೆತಿರುತ್ತದೆ. ಭೂಮಧ್ಯರೇಖೆಯ ಹತ್ತಿರದ ತಳಿಗಳಿಗೆ ಈ ಕಟ್ಟುಪಾಡು ಅಷ್ಟಿಲ್ಲ. ಹೊಟ್ಟೆಯೊಳಗೆ ಮರಿ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಗಿಣ್ಣು ಹಾಲು ಚೆನ್ನಾಗಿರಬೇಕಾದರೆ ಆಗಲೇ ತಾಯಿಗೆ ಕಾಳು, ಹಿಂಡಿ ಸರಿಯಾಗಿ ಸಿಗಬೇಕು. ಧನುರ್ವಾಯು, ಕರುಳು ಬೇನೆಯ ಲಸಿಕೆಯೂ ಆಗಲೇ, ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು. ತಾಯಿಗೆ ಚುಚ್ಚಿದ ಲಸಿಕೆ ಗಿಣ್ಣಿನ ಮೂಲಕ ಮರಿಗೆ ತಲುಪುತ್ತದೆ. ದನದ ಖನಿಜ ಮಿಶ್ರಣ ಮಾತ್ರ ಹಾಕಬೇಡಿ, ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗಬಹುದು.

ಹುಲ್ಲಿಗೆ ಬಿಟ್ಟ ಮೇಲೂ ಕಣ್ಣಿಟ್ಟಿರಬೇಕು. ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಮ್ ಕಡಿಮೆಯಾಗಿ, ಹಾಲು ತುಂಬಿದ ಕುರಿ ನಡುಗಿ ಬಿದ್ದರೆ ಅದು ತುರ್ತು, ಕಾಯುವ ಹಾಗಿಲ್ಲ. ಮರಿ ಹಾಕಿದ ಸುಮಾರಿಗೆ ತಾಯಿಯ ಹಿಕ್ಕೆಯಲ್ಲಿ ಜಂತುವಿನ ಮೊಟ್ಟೆಯೂ ಏರುತ್ತದೆ. ಕೆಳರೆಪ್ಪೆ ತೆರೆದು ನೋಡಿ, ಕೆಂಪಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಹೀರುವ ಹುಳು ಇರಬಹುದು.

ಎರಡು ವಾರ ದಾಟಿದ ಮರಿಗಳು ಸಂಜೆಗೆ ಒಟ್ಟುಗೂಡಿ ಬೇಲಿಯುದ್ದಕ್ಕೂ ಓಡುತ್ತವೆ. ಯಾರು ಹೇಳಿಕೊಟ್ಟರೋ, ಆ ತುದಿಯಿಂದ ಈ ತುದಿಗೆ, ನಾಲ್ಕೂ ಕಾಲಲ್ಲಿ ಚಿಮ್ಮುತ್ತಾ. ಅದನ್ನು ನೋಡಲು ಎಷ್ಟು ಕೆಲಸವಿದ್ದರೂ ನಿಂತುಬಿಡುತ್ತೇನೆ.

ಇಷ್ಟು ಹೇಳಿದ ಮೇಲೆ ಕೆಲವರು "ಒಂದು ರಾತ್ರಿ ನಾವೂ ಬಂದು ಕೂರಬಹುದಾ?" ಅನ್ನುತ್ತಾರೆ. ಗರ್ಭಿಣಿಯರು ಖಂಡಿತ ಬೇಡ. ಕುರಿಯ ಮಾಸು, ನೀರಿನಲ್ಲಿ ಟಾಕ್ಸೊಪ್ಲಾಸ್ಮಾ, ಕ್ಲಮೈಡಿಯಾ, ಲಿಸ್ಟೀರಿಯಾದಂಥ ರೋಗಾಣುಗಳು ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ನಾನು ದೊಡ್ಡಿಯಲ್ಲಿ ಹಾಕಿದ ಬಟ್ಟೆಯ ಹತ್ತಿರವೂ ಬರಬೇಡಿ. ಉಳಿದವರು ಬನ್ನಿ. ಬೆಚ್ಚಗೆ ಬಟ್ಟೆ ಹಾಕಿಕೊಂಡು, ಟಾರ್ಚ್ ಹಿಡಿದು ಬನ್ನಿ. ಕುರ್ಚಿ ಕೊಡುತ್ತೇನೆ, ಹುಟ್ಟಿದ ಹೊತ್ತು ಬರೆದಿಟ್ಟ ಪುಸ್ತಕ ಕೊಡುತ್ತೇನೆ. ಎರಡು ಗಂಟೆಯಾದರೂ ಬಾಲ ಆಡಿಸದ ಮರಿ ಕಂಡರೆ ಮೆಲ್ಲಗೆ ಹೋಗಿ ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಆ ಕ್ಷಣವೇ ನನ್ನನ್ನು ಎಬ್ಬಿಸಿ. ಬಿಸಿಯಿದ್ದರೂ ಹೊಟ್ಟೆ ಖಾಲಿ ಅನಿಸಿದರೆ ಎಬ್ಬಿಸಿ.