ಪಕ್ಕಪಕ್ಕದ ಎರಡು ಮುಳ್ಳು

ಕೆಲಸಕ್ಕೆ ಸೇರಿದ ಎರಡನೇ ವರ್ಷ ಎಕ್ಸೆಲ್ ಶೀಟಿನಲ್ಲಿ ಮೂರು ಕರಡಿ ಹುಟ್ಟಿಸಿದವನು ನಾನು. ಇದನ್ನು ಈಗ ನಗುತ್ತಾ ಬರೆಯುತ್ತಿದ್ದೇನೆ, ಆಗ ಎರಡು ದಿನ ಊಟ ಸೇರಿರಲಿಲ್ಲ.

ನಮ್ಮದು ಕಾಡುಪ್ರಾಣಿಗಳ ಡಿಎನ್‌ಎ ನೋಡುವ ಲ್ಯಾಬ್. ಕರಡಿ ಅಂದರೆ ನನ್ನ ಪಾಲಿಗೆ ಕಾಗದದ ಕವರ್, ಒಳಗೆ ಐದಾರು ಕೂದಲು. ಫೀಲ್ಡಿನವರು ಮೂರ್ನಾಲ್ಕು ಮರಗಳಿಗೆ, ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಒಂದು ಸುತ್ತು ಮುಳ್ಳುತಂತಿ ಎಳೆಯುತ್ತಾರೆ. ನಡುವೆ ಕಸಕಡ್ಡಿ ಗುಡ್ಡೆ ಹಾಕಿ ಅದರ ಮೇಲೆ ಕೊಳೆತ ರಕ್ತ, ಮೀನಿನ ನೀರು ಸುರಿಯುತ್ತಾರೆ. ತಿನ್ನಲು ಏನೂ ಇಡುವುದಿಲ್ಲ, ವಾಸನೆ ಮಾತ್ರ. ಕರಡಿ ತಂತಿಯ ಕೆಳಗೆ ನುಸುಳಿಯೋ ಮೇಲೆ ದಾಟಿಯೋ ಬರುತ್ತದೆ, ಮೂಸಿ ನೋಡುತ್ತದೆ, ಏನೂ ಸಿಗದೆ ಹೋಗುತ್ತದೆ. ಬೆನ್ನಿನದೋ ಹೊಟ್ಟೆಯದೋ ಒಂದು ಚಿಟಿಕೆ ಕೂದಲು ಮುಳ್ಳಿನಲ್ಲಿ ಉಳಿಯುತ್ತದೆ. ಒಂದು ಮುಳ್ಳಿನ ಕೂದಲಿಗೆ ಒಂದು ಕವರ್. ತೆಗೆದಾದ ಮೇಲೆ ಆ ಮುಳ್ಳಿಗೆ ಲೈಟರ್ ಹಿಡಿದು ಸುಡುತ್ತಾರೆ, ಅಳಿದುಳಿದ ಎಳೆ ಮುಂದಿನ ಕರಡಿಯ ಕೂದಲಿನ ಜೊತೆ ಸೇರಬಾರದು ಅಂತ. ಕವರ್ ಕಾಗದದ್ದೇ ಆಗಬೇಕು, ಪ್ಲಾಸ್ಟಿಕ್ಕಿನಲ್ಲಿ ತೇವ ಕೂತರೆ ಡಿಎನ್‌ಎ ಹಾಳು.

ನಾನು ಚಿಮುಟದಲ್ಲಿ ಒಂದೊಂದೇ ಕೂದಲು ಎತ್ತಿ ಲೆನ್ಸಿನ ಕೆಳಗೆ ಹಿಡಿಯುತ್ತೇನೆ. ಬುಡದಲ್ಲಿ ಬಿಳಿಯ ಸಣ್ಣ ಗಂಟು ಕಾಣಬೇಕು. ನಮಗೆ ಬೇಕಾದ ಜೀವಕೋಶ ಇರುವುದು ಅಲ್ಲೇ. ಎಷ್ಟೋ ಕೂದಲಿಗೆ ಆ ಗಂಟೇ ಇರುವುದಿಲ್ಲ, ನಡುವೆ ತುಂಡಾಗಿ ಬಂದಿರುತ್ತದೆ. ಮಳೆಯಲ್ಲಿ ನೆನೆದದ್ದು, ಬಿಸಿಲಲ್ಲಿ ಒಣಗಿದ್ದು, ಎಲ್ಲಾ ತರದ್ದೂ ಬರುತ್ತವೆ.

ಆಗ ನಾವು ಎಂಟು ಮಾರ್ಕರ್, ಅಂದರೆ ಡಿಎನ್‌ಎಯಲ್ಲಿ ಗೊತ್ತುಮಾಡಿದ ಎಂಟು ಜಾಗ, ನೋಡುತ್ತಿದ್ದೆವು. ಪ್ರತಿ ಮಾರ್ಕರ್‌ನಲ್ಲೂ ಕರಡಿಗೆ ಎರಡು ಪ್ರತಿ, ಅಮ್ಮನದೊಂದು, ಅಪ್ಪನದೊಂದು. ಎರಡರ ಉದ್ದ ಬೇರೆಬೇರೆ ಇದ್ದರೆ ಮೆಷಿನ್ನಿನ ಗ್ರಾಫಿನಲ್ಲಿ ಎರಡು ಮೊನೆ ಏಳುತ್ತವೆ. ಒಂದೇ ಉದ್ದವಾದರೆ ಒಂದೇ ಮೊನೆ. ಎರಡು ಮೊನೆ ಎಷ್ಟು ಕಡೆ ಸಿಗುತ್ತದೆ ಅನ್ನುವುದು ತಳಿ ವೈವಿಧ್ಯದ ಒಂದು ಅಳತೆ. ಎಂಟೂ ಮಾರ್ಕರ್ ಸೇರಿಸಿದರೆ ಅದೇ ಆ ಕರಡಿಯ ಗುರುತು. ಅಂದರೆ ಎಷ್ಟು ಕರಡಿ ಇವೆ ಅನ್ನುವುದೂ, ಅವುಗಳಲ್ಲಿ ಎಷ್ಟು ವೈವಿಧ್ಯ ಉಳಿದಿದೆ ಅನ್ನುವುದೂ ಒಂದೇ ಗ್ರಾಫಿನಿಂದ ಬರುವ ಉತ್ತರ. ನಾನು ಎಡವಿದ್ದು ಇಲ್ಲೇ.

ಅದು ಸಣ್ಣ ಗುಂಪು, ಸುತ್ತಲಿನ ಕರಡಿಗಳಿಂದ ದಶಕಗಳಿಂದ ಬೇರೆಯಾಗಿ ಉಳಿದದ್ದು. ಆ ವರ್ಷದ ಲೆಕ್ಕದಲ್ಲಿ ಹಿಂದಿನ ಸಲಕ್ಕಿಂತ ಮೂರು ಕರಡಿ ಜಾಸ್ತಿ ಬಂತು, ವೈವಿಧ್ಯ ಮಾತ್ರ ಇಳಿದಿತ್ತು. ಅನುಮಾನ ಬರಬೇಕಾದ ಜಾಗದಲ್ಲಿ ನನಗೆ ಖುಷಿಯಾಯಿತು. ಯಾಕೆಂದರೆ ಇಂಥದ್ದೇ ಕಥೆ ನಾನು ಓದಿದ್ದೆ. ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿರೆನೀಸ್ ಬೆಟ್ಟಗಳಲ್ಲಿ 1990ರ ದಶಕದ ನಡುವಿನ ಹೊತ್ತಿಗೆ ಕರಡಿಗಳು ಬೆರಳೆಣಿಕೆಗೆ ಇಳಿದಿದ್ದವು. 1996–97ರಲ್ಲಿ ಸ್ಲೊವೇನಿಯಾದಿಂದ ಮೂರನ್ನು ತಂದು ಬಿಟ್ಟರು, ಎರಡು ಹೆಣ್ಣು, ಒಂದು ಗಂಡು. ಆ ಗಂಡಿನ ಹೆಸರು ಪಿರೋಸ್. ಸಂಖ್ಯೆಯೇನೋ ಏರುತ್ತಾ ಹೋಯಿತು, ಆದರೆ ಹುಟ್ಟಿದ ಮರಿಗಳಲ್ಲಿ ಬಹುಪಾಲು ಅವನ ಮಕ್ಕಳು ಇಲ್ಲವೇ ಮೊಮ್ಮಕ್ಕಳು, ಸ್ವಂತ ಮಗಳ ಜೊತೆಗೇ ಕೂಡಿದ್ದೂ ಉಂಟು. ಕೊನೆಗೆ 2016ರಲ್ಲಿ ಸ್ಪೇನ್ ಕಡೆಯಲ್ಲಿ ಗೊಯಾಟ್ ಅನ್ನುವ ಇನ್ನೊಂದು ಗಂಡನ್ನು ತಂದು ಬಿಟ್ಟರು, ಹೊಸ ರಕ್ತ ಸೇರಲಿ ಅಂತ. ಸಂಖ್ಯೆ ಮೇಲೆ, ವೈವಿಧ್ಯ ಕೆಳಗೆ. ನನ್ನ ಶೀಟಿನಲ್ಲೂ ಅದೇ! ವರದಿಯಲ್ಲಿ ಒಂದಿಡೀ ಪ್ಯಾರಾ ಬರೆದೆ, ಇಲ್ಲೂ ಒಬ್ಬನೇ ಗಂಡಿನ ಸಂತಾನ ಹೆಚ್ಚುತ್ತಿರಬಹುದು ಅಂತ. ಚೆನ್ನಾಗೇ ಬರೆದಿದ್ದೆ.

ನಮ್ಮ ಲ್ಯಾಬಿನ ಹಿರಿಯರೊಬ್ಬರು ಆ ಪ್ಯಾರಾ ಓದಲೇ ಇಲ್ಲ. ಫೀಲ್ಡ್ ಪುಸ್ತಕ ತರಿಸಿಕೊಂಡರು.

"ಈ ಹೊಸ ಕರಡಿ ಯಾವ ಮುಳ್ಳಿನದು?"

"ಹದಿನಾಲ್ಕು, ಮೇಡಂ."

"ಆ ಹಳೇ ಹೆಣ್ಣಿನದು?"

"ಹದಿಮೂರು. ಅದೇ ತಂತಿ, ಅದೇ ದಿನ. ತಾಯಿ, ಮರಿ ಇರಬಹುದಲ್ವಾ?"

"ಎಂಟರಲ್ಲಿ ಏಳು ಮಾರ್ಕರ್ ಅಚ್ಚು ಹಾಕಿದ ಹಾಗಿದೆ. ಮರಿ ಆದ್ರೆ ಅಪ್ಪ ಏನೂ ಕೊಡಲೇ ಇಲ್ವಾ ಅದಕ್ಕೆ?"

ನಾನು ಸುಮ್ಮನಾದೆ. ಎಂಟನೇ ಮಾರ್ಕರ್‌ನಲ್ಲಿ ಹಳೇ ಹೆಣ್ಣಿಗೆ ಎರಡು ಮೊನೆ, ಉದ್ದ 184 ಮತ್ತು 190. ಹೊಸದಕ್ಕೆ ಬರೀ 184. ಉಳಿದ ಎರಡು ಹೊಸ ಕರಡಿಗಳನ್ನು ನೋಡಿದರೆ ಅವೂ ಹೀಗೇ. ಹಳೇ ಕರಡಿಯೊಂದಕ್ಕಿಂತ ಒಂದೇ ಒಂದು ಕಡೆ ಬೇರೆ, ಆ ಬೇರೆ ಇದ್ದ ಕಡೆ ಒಂದೇ ಮೊನೆ.

ಆಗಿದ್ದು ಇಷ್ಟು. ಒಂದೆರಡು ಕೂದಲಿನ ಬುಡದಲ್ಲಿ ಸಿಗುವ ಡಿಎನ್‌ಎ ತೀರಾ ಕಡಿಮೆ. ಅದನ್ನು ದ್ರವಕ್ಕೆ ಇಳಿಸಿ ಅದರಲ್ಲೊಂದು ಹನಿಯನ್ನು ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ನಕಲು ತೆಗೆಯುವ ವಿಧಾನಕ್ಕೆ, ಹಾಕುವಾಗ ಅಮ್ಮನ ಪ್ರತಿ ಬಂದು ಅಪ್ಪನದು ಟ್ಯೂಬಿನಲ್ಲೇ ಉಳಿದುಬಿಡಬಹುದು. ಪಿಸಿಆರ್ ಪಾಪ ಏನು ಮಾಡುತ್ತದೆ, ಕೊಟ್ಟದ್ದನ್ನೇ ಕೋಟಿ ಮಾಡುತ್ತದೆ. ಗ್ರಾಫಿನಲ್ಲಿ ಒಂದೇ ಮೊನೆ, ಅದೂ ಎತ್ತರವಾಗಿ, ನೀಟಾಗಿ. ನೋಡಿದರೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಇದಕ್ಕೆ ಆಲೀಲ್ ಡ್ರಾಪ್‌ಔಟ್ ಅಂತಾರೆ. ಎರಡು ಮೊನೆ ಕಂಡರೆ ಎರಡು ಪ್ರತಿ ಇದೆ ಅಂತ ನಂಬಬಹುದು, ಬೇರೆ ಸ್ಯಾಂಪಲ್ ಬೆರೆತಿಲ್ಲ ಅಂತಾದರೆ. ಒಂದೇ ಮೊನೆ ಕಂಡರೆ ಅಷ್ಟಕ್ಕೇ ಏನೂ ಹೇಳಲು ಬರುವುದಿಲ್ಲ. ನಾನು ಎರಡಕ್ಕೂ ಒಂದೇ ಬೆಲೆ ಕೊಟ್ಟಿದ್ದೆ. ಒಂದೇ ತಪ್ಪು ಕರಡಿಗಳನ್ನು ಹೆಚ್ಚಿಸಿತು, ವೈವಿಧ್ಯವನ್ನು ಇಳಿಸಿತು, ಅವೆರಡನ್ನೂ ಹೊಂದಿಸಿ ಕಥೆ ಕಟ್ಟಿದ್ದು ಮಾತ್ರ ನಾನೇ.

ಮೂರು ಕರಡಿ ತಾನೇ ಅನ್ನಬಹುದು. ಮಂಗೋಲಿಯಾದ ಗೋಬಿ ಮರುಭೂಮಿಯ ಮಜಾಲೈ ಕರಡಿಗಳು ಒಟ್ಟೇ ಕೆಲವು ಹತ್ತುಗಳ ಲೆಕ್ಕ. ಅಂಥ ಕಡೆ ಮೂರು ಅಂದರೆ ಇಡೀ ಲೆಕ್ಕದ ದಿಕ್ಕೇ ಬದಲು. ವೈವಿಧ್ಯದ ಅಂಕಿಯೂ ಅಷ್ಟೇ, ಅದನ್ನು ನೋಡಿಕೊಂಡು ಕರಡಿಗಳನ್ನೇ ಸಾಗಿಸುತ್ತಾರೆ. 2024ರಲ್ಲಿ ಅಮೆರಿಕದ ಮೊಂಟಾನಾದ ವಾಯವ್ಯ ಭಾಗದಿಂದ ಎರಡು ಗ್ರಿಜ್ಲಿ ಕರಡಿಗಳನ್ನು ಹಿಡಿದು ಯೆಲ್ಲೋಸ್ಟೋನ್ ಸುತ್ತಿನ ಕಾಡಿಗೆ ಬಿಟ್ಟರು. ಯೆಲ್ಲೋಸ್ಟೋನ್‌ನ ಕರಡಿಗಳು ನೂರು ವರ್ಷದಷ್ಟು ಕಾಲ ಬೇರೆಯಾಗಿ ಉಳಿದಿದ್ದವು, ಹೊಸ ಜೀನ್ ಸೇರಲಿ ಅನ್ನುವುದೇ ಉದ್ದೇಶ. ಒಂದು ಕರಡಿಗೆ ಮದ್ದು ಕೊಟ್ಟು ಮಲಗಿಸಿ ನೂರಾರು ಕಿಲೋಮೀಟರ್ ಒಯ್ಯುವ ತೀರ್ಮಾನದ ಬುಡದಲ್ಲಿ ಎಲ್ಲೋ ಒಂದು ಕಡೆ ನನ್ನಂಥವನ ಗ್ರಾಫ್ ಇರುತ್ತದೆ.

ಪರಿಹಾರ ಹೊಸದೇನಲ್ಲ, ಬೇಜಾರಿನದು ಅಷ್ಟೇ. 1996ರಲ್ಲೇ ಪಿಯರ್ ತಾಬರ್ಲೆ ಮತ್ತು ಜೊತೆಗಾರರು ಬರೆದಿದ್ದರು, ಇಷ್ಟು ಕಡಿಮೆ ಡಿಎನ್‌ಎ ಇದ್ದಾಗ ಒಂದೇ ಸ್ಯಾಂಪಲ್ಲನ್ನು ಬೇರೆಬೇರೆ ಟ್ಯೂಬಿನಲ್ಲಿ ಮತ್ತೆ ಮತ್ತೆ ಓಡಿಸಿ ಅಂತ. ಒಂದೇ ಮೊನೆ ಬಂದರೆ ಏಳು ಸಲದವರೆಗೂ. ಓದಿರಲಿಲ್ಲ ಅಂತಲ್ಲ, ಓದಿದ್ದೆ. ಕಿಟ್ ಖಾಲಿಯಾಗುತ್ತಿತ್ತು, ತಾರೀಖು ಹತ್ತಿರ ಬಂದಿತ್ತು, ಮೊನೆ ನೀಟಾಗಿ ಕಂಡಿತು. ಅಷ್ಟೇ ಕಾರಣ. ಮತ್ತೆ ಓಡಿಸಿದಾಗ ಹದಿನಾಲ್ಕನೇ ಮುಳ್ಳಿನ ಕರಡಿಗೆ ಮೂರನೇ ಸಲ 190 ಸಣ್ಣಗೆ ಎದ್ದಿತು, ನಾಲ್ಕನೇ ಸಲ ದೊಡ್ಡದಾಗಿಯೇ. ಉಳಿದೆರಡೂ ಹಾಗೇ ಕರಗಿದವು. ವೈವಿಧ್ಯದ ಅಂಕಿ ಹೆಚ್ಚುಕಮ್ಮಿ ಹಿಂದಿನ ಸಲದ ಜಾಗಕ್ಕೇ ಹೋಗಿ ಕೂತಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪೆಟ್ಟು ತಿಂದವನು ನೋಡಿ, ಮುಂದಿನ ಸಲ ಒಂದು ಮಾರ್ಕರ್‌ನಲ್ಲಿ ಬೇರೆ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಒಂದೇ ಕರಡಿ ಅಂತ ಸೇರಿಸುತ್ತಾ ಹೋದೆ. ಒಂದು ಜೋಡಿಯಲ್ಲಿ ಲಿಂಗದ ಮಾರ್ಕರ್ ತಕರಾರು ಮಾಡಿತು. ಒಂದು ಗಂಡು, ಒಂದು ಹೆಣ್ಣು. ಅದೂ ಡ್ರಾಪ್‌ಔಟ್ ಇರಬಹುದು, ಗಂಡಿಗೆ ಮಾತ್ರ ಇರುವ ವೈ ಕ್ರೋಮೋಸೋಮ್ ಕಡೆಯ ಪ್ರತಿ ಬಿದ್ದುಹೋದರೆ ಗಂಡು ಹೆಣ್ಣಾಗಿ ಕಾಣುತ್ತದೆ. ಹಾಗಾಗಿ ಎರಡನ್ನೂ ಮತ್ತೆ ಮತ್ತೆ ಓಡಿಸಿದೆವು. ಹೆಣ್ಣು ಹೆಣ್ಣೇ. ಇನ್ನಷ್ಟು ಮಾರ್ಕರ್ ಸೇರಿಸಿದಾಗ ಐದು ಕಡೆ ಬೇರೆ ಬಂತು. ಅಣ್ಣ ತಂಗಿ ಅವು, ಇಲ್ಲ ಅಕ್ಕ ತಮ್ಮ, ಕೂದಲಿನಿಂದ ವಯಸ್ಸು ಗೊತ್ತಾಗುವುದಿಲ್ಲ. ವೈವಿಧ್ಯ ಕುಸಿದ ಗುಂಪಿನಲ್ಲಿ ಅಪ್ಪ ಅಮ್ಮನೇ ಅರ್ಧ ಒಂದೇ ತರ ಇರುತ್ತಾರೆ, ಹಾಗಾಗಿ ಒಡಹುಟ್ಟಿದವು ಎಂಟು ಮಾರ್ಕರ್‌ನಲ್ಲಿ ಒಂದೇ ಕರಡಿಯ ಹಾಗೆ ಕಂಡುಬಿಡುತ್ತವೆ. ಇದನ್ನು ನೆರಳು ಅಂತ ಕರೆಯುತ್ತಾರೆ, ಒಂದರ ನೆರಳಲ್ಲಿ ಇನ್ನೊಂದು ಮರೆಯಾಗುತ್ತದೆ. ಮೊದಲು ಇಲ್ಲದ ಕರಡಿ ಎಣಿಸಿದ್ದೆ, ಈಗ ಇದ್ದ ಕರಡಿಯನ್ನು ಅಳಿಸಲು ಹೊರಟಿದ್ದೆ. ವೈವಿಧ್ಯ ಕಡಿಮೆ ಇದ್ದಷ್ಟೂ ಮಾರ್ಕರ್ ಜಾಸ್ತಿ ಬೇಕು, ಮೊದಲೇ ಲೆಕ್ಕ ಹಾಕಿ ನೋಡಬಹುದಾಗಿದ್ದ ವಿಷಯ ಇದು.

ಇನ್ನೊಂದು ಮಾತು, ನಮ್ಮ ವರದಿಗಳಲ್ಲಿ ವೈವಿಧ್ಯ ಅಂತ ಒಂದೇ ಅಂಕಿ ಬರೆದು ಕೈತೊಳೆದುಕೊಳ್ಳುವುದು ನನಗೆ ಈಗ ಹಿಡಿಸುವುದಿಲ್ಲ. ಇಟಲಿಯ ನಡುಭಾಗದ ಅಪೆನೈನ್ ಬೆಟ್ಟಗಳಲ್ಲಿ ಸುಮಾರು 50 ಕಂದು ಕರಡಿಗಳಿವೆ, ಬೇರೆ ಕರಡಿಗಳಿಂದ ಬಹಳ ಕಾಲದಿಂದ ದೂರ ಉಳಿದವು. 2017ರಲ್ಲಿ ಅವುಗಳ ಇಡೀ ಜೀನೋಮ್ ಓದಿದಾಗ ಎಷ್ಟೋ ಭಾಗ ಪೂರಾ ಒಂದೇ ತರ ಇತ್ತು. ಆದರೆ ರೋಗ ತಡೆಯುವ ಕೆಲಸದ, ವಾಸನೆ ಹಿಡಿಯುವ ಕೆಲಸದ ಜೀನ್‌ಗಳ ಕಡೆ ವೈವಿಧ್ಯ ಇನ್ನೂ ಉಳಿದಿತ್ತು. ನಮ್ಮ ಎಂಟು ಮಾರ್ಕರ್‌ಗೆ ಇದೆಲ್ಲ ಎಲ್ಲಿ ಕಾಣಬೇಕು.

ಫೀಲ್ಡಿನವರಿಗೆ ಫೋನ್ ಮಾಡಿ ಆ ಮೂರು ಕರಡಿ ಇಲ್ಲ ಅಂತ ಹೇಳಿದ್ದೇ ಕಷ್ಟದ ಕೆಲಸ. ಅವರು ಆಗಲೇ ಹೆಸರಿಟ್ಟಿದ್ದರು. ಬೈಯಲಿಲ್ಲ, ಒಂದು ಹೆಸರನ್ನು ಮುಂದೆ ಹುಟ್ಟುವ ಮರಿಗೆ ಎತ್ತಿಡುತ್ತೇವೆ ಅಂದರು. ಅವತ್ತಿನಿಂದ ಕವರ್ ಮೇಲೆ ಮುಳ್ಳಿನ ನಂಬರ್ ದಪ್ಪಕ್ಷರದಲ್ಲಿ ಬರೆದು ಕಳಿಸುತ್ತಾರೆ, ನನಗೋಸ್ಕರ.

ಹೋದ ತಿಂಗಳು ಆ ತಂಗಿಯೋ ಅಕ್ಕನೋ, ಅದರ ಕೂದಲು ಅಂತ ಕಾಣುವ ಸ್ಯಾಂಪಲ್ ಮತ್ತೆ ಬಂತು. ಒಂದು ಮಾರ್ಕರ್ ಬಿಟ್ಟು ಎಲ್ಲಾ ಹೊಂದಿವೆ. ಆ ಒಂದರಲ್ಲಿ ಒಂದೇ ಮೊನೆ. ಈಗ ಐದನೇ ಸಲ ಓಡುತ್ತಿದೆ.