ವಾಟ್ನಿಗೆ ಮುಂಚೆ ಹೊಲ ಯಾರದು?

12 ಎಕರೆ ಎರೆ ಹೊಲ, ಬದುವಿನಿಂದ ಬದುವಿಗೆ ತೊಗರಿ. ಅಪ್ಪ ತೀರಿಕೊಂಡಿದ್ದಾರೆ, ಅವ್ವ ಅದಕ್ಕೂ ಮೊದಲೇ ಹೋಗಿದ್ದಾಳೆ. ಇಬ್ಬರು ಅಣ್ಣತಮ್ಮಂದಿರು, ಮದುವೆಯಾಗದ ಒಬ್ಬ ತಂಗಿ. ವಾಟ್ನಿ, ಅಂದರೆ ಆಸ್ತಿಯ ಪಾಲು ಹಂಚಿಕೆ, ಇನ್ನೂ ಆಗಿಲ್ಲ. ಹೊಲದ ನಟ್ಟನಡುವಿನ ಒಂದು ತೊಗರಿ ಗಿಡ ಮುಟ್ಟಿ ‘ಇದು ಯಾರದು?’ ಎಂದು ಕೇಳಿ ನೋಡಿ. ‘ಅರ್ಧ ಅಣ್ಣಂದು, ಅರ್ಧ ತಮ್ಮಂದು’ ಎಂದು ಕೆಲವರು ಲೆಕ್ಕ ಹೇಳುತ್ತಾರೆ. ‘ಪಹಣಿಯಲ್ಲಿ ಯಾರ ಹೆಸರಿದೆಯೋ ಅವರದು’ ಎನ್ನುವವರೇ ಹೆಚ್ಚು. ಒಂಬೈನೂರು ವರ್ಷದ ಹಿಂದಿನ ಧರ್ಮಶಾಸ್ತ್ರಕಾರ ವಿಜ್ಞಾನೇಶ್ವರನ ಉತ್ತರ ಇವೆರಡೂ ಅಲ್ಲ. ಆ ಗಿಡ ಬೇರಿನಿಂದ ಕಾಯಿಯವರೆಗೆ ಅಣ್ಣನದು. ಬೇರಿನಿಂದ ಕಾಯಿಯವರೆಗೆ ತಮ್ಮನದೂ ಹೌದು.

ಕಲಬುರಗಿ ಜಿಲ್ಲೆಯ ಮರತೂರು ವಿಜ್ಞಾನೇಶ್ವರನ ಊರು ಎಂದು ಈ ಕಡೆಯವರು ಹೆಮ್ಮೆಯಿಂದ ಹೇಳುತ್ತಾರೆ. ಅವನು ಬರೆದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ (1076–1126). ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ, ಅಂದರೆ ಪಿತ್ರಾರ್ಜಿತ ಹಂಚಿಕೆಯ, ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಕೋರ್ಟುಗಳ ಕೈಪಿಡಿಯಾಯಿತು. ಹಾಗಾಗಿ ಇವತ್ತು ಮಿತಾಕ್ಷರಾ ಅಂದರೆ ವಕೀಲರ ಸರಕು ಎಂದು ಎಲ್ಲರೂ ಪಕ್ಕಕ್ಕಿಡುತ್ತಾರೆ. ಅದರೊಳಗೆ ಮನುಷ್ಯನ ಬಗ್ಗೆ ಎಷ್ಟು ಆಳದ ವಿಚಾರ ಇದೆಯೆಂದು ನೋಡಿದರೆ ಹಾಗೆ ಪಕ್ಕಕ್ಕಿಟ್ಟದ್ದು ದೊಡ್ಡ ನಷ್ಟ ಅನಿಸುತ್ತದೆ.

ಅವನ ಮೊದಲ ಪ್ರಶ್ನೆ ಪಾಲಿನದಲ್ಲ. ಒಂದು ವಸ್ತು ‘ನನ್ನದು’ ಎನ್ನುವುದು ನಮಗೆ ಗೊತ್ತಾಗುವುದು ಎಲ್ಲಿಂದ? ಶಾಸ್ತ್ರ ಹೇಳಿದ್ದರಿಂದಲೋ, ಲೋಕದ ನಡವಳಿಕೆಯಿಂದಲೋ? ಶಾಸ್ತ್ರದ ವ್ಯಾಖ್ಯಾನಕಾರನೇ ಇದಕ್ಕೆ ‘ಲೋಕದಿಂದ’ ಎಂದು ಉತ್ತರ ಕೊಡುತ್ತಾನೆ. ಯಜ್ಞದ ಆಹವನೀಯ ಅಗ್ನಿ ಶಾಸ್ತ್ರದಿಂದ ಮಾತ್ರ ಹುಟ್ಟುತ್ತದೆ, ಅದರಿಂದ ಸಂತೆಯ ಕೆಲಸ ಆಗುವುದಿಲ್ಲ. ಸ್ವತ್ತಿನಿಂದ ಆಗುತ್ತದೆ, ಭತ್ತದಿಂದ ಆಗುವ ಹಾಗೆ. ಇನ್ನೊಂದು ಮಾತು: ಶಾಸ್ತ್ರದ ಹೆಸರೇ ಕೇಳದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ‘ನನ್ನದು’ ಎಂಬ ತಿಳಿವಳಿಕೆ ಇಲ್ಲದೆ ಕೊಡುಕೊಳ್ಳುವಿಕೆ ನಡೆಯದು.

ಅವನ ಗ್ರಂಥದಲ್ಲೇ ಬರುವ ಎದುರಾಳಿ ಇಲ್ಲಿ ಒಳ್ಳೆಯ ಪೆಟ್ಟು ಕೊಡುತ್ತಾನೆ. ಲೋಕ ನೋಡಿಯೇ ಒಡೆತನ ಹೇಳುವುದಾದರೆ, ಕದ್ದ ಮಾಲು ಯಾರ ಕೈಯಲ್ಲಿದೆಯೋ ಅವನದೇ ಆಗಬೇಕಲ್ಲ? ‘ಇವನು ನನ್ನದನ್ನು ಒಯ್ದ’ ಎಂದು ಯಾರೂ ದೂರಲು ಬರುವುದಿಲ್ಲವಲ್ಲ? ಇಲ್ಲ ಎನ್ನುತ್ತಾನೆ ವಿಜ್ಞಾನೇಶ್ವರ. ಆ ವಸ್ತು ಅವನ ಕೈಗೆ ಯಾವ ದಾರಿಯಿಂದ ಬಂತು, ಕ್ರಯದಿಂದಲೋ ಬೇರೆ ಹೇಗೋ, ಎಂಬ ಸಂಶಯವೇ ಅಲ್ಲಿ ಜಗಳದ ಮೂಲ. ಕೈಯಲ್ಲಿರುವುದು ಬೇರೆ, ತನ್ನದಾಗಿರುವುದು ಬೇರೆ. ನಮ್ಮ ಹಳ್ಳಿಗಳ ಅರ್ಧ ವ್ಯಾಜ್ಯಕ್ಕೆ ಕಾರಣ ಈ ಒಂದು ಗೆರೆ ಅಳಿಸಿಹೋಗಿರುವುದೇ. ಅಪ್ಪ ತೀರಿದ ಮೇಲೆ ಅನುಕೂಲಕ್ಕೆಂದು ಪೌತಿ ಖಾತೆ ಹಿರಿಯ ಮಗನ ಹೆಸರಿಗೆ ಆಗುತ್ತದೆ. ಬೆಳೆ ಸಾಲ ಅವನ ಹೆಸರಿಗೆ, ವಿಮೆ ಅವನ ಹೆಸರಿಗೆ. ಇಪ್ಪತ್ತು ವರ್ಷ ಕಳೆದರೆ ಅವನ ಮಕ್ಕಳು ಪಹಣಿ ತೋರಿಸಿ ‘ಇದು ನಮ್ಮಪ್ಪಂದು’ ಎನ್ನುತ್ತಾರೆ, ಸುಳ್ಳು ಹೇಳುತ್ತಿದ್ದೇವೆಂದು ಅವರಿಗೂ ಅನಿಸುವುದಿಲ್ಲ. ಪಹಣಿಯ ಹೆಸರು ಕಂದಾಯಕ್ಕೆ ಯಾರು ಹೊಣೆ ಎಂದು ಹೇಳುತ್ತದೆ. ಮ್ಯುಟೇಶನ್ ಒಂದೇ ಯಾರಿಗೂ ಒಡೆತನ ಹುಟ್ಟಿಸುವುದಿಲ್ಲ ಎಂದು ಇಂದಿನ ಕೋರ್ಟುಗಳೂ ಹೇಳುತ್ತಲೇ ಬಂದಿವೆ.

ಈಗ ತೊಗರಿ ಗಿಡಕ್ಕೆ ಮರಳೋಣ. ವಿಭಾಗ ಎಂದರೆ ಏನು ಎಂಬುದಕ್ಕೆ ಅವನ ವ್ಯಾಖ್ಯೆ ಹೀಗಿದೆ: ಇಡೀ ಸ್ವತ್ತಿನ ಮೇಲೆ ಹರಡಿಕೊಂಡಿರುವ ಹಲವರ ಒಡೆತನವನ್ನು ಅದರ ಒಂದೊಂದು ಭಾಗದಲ್ಲಿ ನಿಲ್ಲಿಸುವುದು. ಬಂಗಾಳದ ಧರ್ಮಶಾಸ್ತ್ರಕಾರ ಜೀಮೂತವಾಹನ ಇದನ್ನು ಒಪ್ಪುವುದಿಲ್ಲ. ಅವನ ಪ್ರಕಾರ ಮಕ್ಕಳ ಹಕ್ಕು ಅಪ್ಪನ ಸಾವಿನಿಂದ ಹುಟ್ಟುತ್ತದೆ. ಪ್ರತಿಯೊಬ್ಬನ ತುಂಡು ಆಗಲೇ ಬೇರೆ ಇರುತ್ತದೆ, ಯಾವುದು ಯಾರದೆಂದು ಚೀಟಿ ಎತ್ತಿದಾಗ ಬಯಲಾಗುತ್ತದೆ, ಅಷ್ಟೆ. ಮೇಲ್ನೋಟಕ್ಕೆ ಕೂದಲು ಸೀಳುವ ವಾದ, ಆದರೆ ಎರಡರ ಹಿಂದೆ ಇರುವ ಮನುಷ್ಯ ಬೇರೆ ಬೇರೆ. ಜೀಮೂತವಾಹನನ ಮನುಷ್ಯ ಮೊದಲಿಂದಲೂ ಒಂಟಿ, ತನ್ನ ತುಂಡಿಗಾಗಿ ಕಾಯುತ್ತಿರುವವನು. ವಿಜ್ಞಾನೇಶ್ವರನ ಮನುಷ್ಯ ಹುಟ್ಟುತ್ತಲೇ ಇಡೀ ಹೊಲಕ್ಕೆ ಒಡೆಯ, ಆದರೆ ಒಬ್ಬನೇ ಅಲ್ಲ. ಬದು ಹಾಕಿಸಿಕೊಂಡ ದಿನ ಅವನಿಗೆ ಒಂದು ತುಂಡು ಬರುತ್ತದೆ, 12 ಎಕರೆ ಹೋಗುತ್ತದೆ.

ವ್ಯವಹಾರದಲ್ಲಿ ಇದರ ಬಿಸಿ ತಟ್ಟುವುದು ಒಬ್ಬ ತಮ್ಮ ‘ಮೂಡಣ ಬದುವಿನ 2 ಎಕರೆ ನಂದು’ ಎಂದು ಯಾರಿಗೋ ಕ್ರಯ ಮಾಡಿಕೊಟ್ಟಾಗ. ಕೊಂಡವನಿಗೆ ಆ ಮೂಡಣ ಬದುವೇ ಸಿಗುವ ಖಾತ್ರಿ ಇಲ್ಲ. ವಾಟ್ನಿ ದಾವೆ ಹಾಕಿ, ತಮ್ಮನ ಪಾಲಿಗೆ ಯಾವ ಕಡೆ ಬೀಳುತ್ತದೋ ಕಾಯಬೇಕು. ಮಾರುವ ತುಂಡನ್ನು ಅಳೆದು ತೋರಿಸುವ ಸರ್ವೇ ನಕ್ಷೆ (11ಇ ನಕ್ಷೆ) ಆಗುವ ಮೊದಲೇ ಮುಂಗಡ ಕೊಟ್ಟವರು ಸಿಕ್ಕಿಬೀಳುವುದು ಇಲ್ಲಿಯೇ.

ಹುಟ್ಟಿನಿಂದಲೇ ಹಕ್ಕು ಎಂದಾದರೆ ಅಪ್ಪನ ಕೈ ಕಟ್ಟಿಹಾಕಿದಂತಲ್ಲವೇ? ಈ ಆಕ್ಷೇಪವನ್ನೂ ಅವನೇ ಎತ್ತಿಕೊಳ್ಳುತ್ತಾನೆ. ಪ್ರೀತಿಯ ಉಡುಗೊರೆ, ಸಂಸಾರದ ಪೋಷಣೆ, ಮಾಡಲೇಬೇಕಾದ ಕರ್ಮ, ಇವಕ್ಕೆ ಚರಸ್ವತ್ತನ್ನು ಬಳಸಲು ಅಪ್ಪ ಸ್ವತಂತ್ರ. ಹೊಲ ಮನೆ ಮಾತ್ರ ಹಾಗಲ್ಲ. ಹುಟ್ಟಿದವರು, ಇನ್ನೂ ಹುಟ್ಟದವರು, ಗರ್ಭದಲ್ಲಿರುವವರು, ಎಲ್ಲರಿಗೂ ಅನ್ನದ ದಾರಿ ಬೇಕು ಎಂಬ ಸ್ಮೃತಿಯ ಮಾತನ್ನು ಮುಂದಿಡುತ್ತಾನೆ. ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ: ಈ ಮೂರಕ್ಕೆ ಒಬ್ಬನೇ ಮಾರಬಹುದು. ಇಂದು ಕ್ರಯಪತ್ರದಲ್ಲಿ ‘ಕುಟುಂಬದ ಕಾನೂನುಬದ್ಧ ಅವಶ್ಯಕತೆಗಾಗಿ’ ಎಂದು ಬರೆಸುವ ಸಾಲಿನ ಬೇರು ಅದೇ.

ನನಗೆ ಅತಿ ಕಠಿಣ ಅನಿಸುವುದು ಕೆಟ್ಟ ಗಳಿಕೆಯ ಪ್ರಶ್ನೆ. ಅಪ್ಪ ತೆಗೆದುಕೊಳ್ಳಬಾರದ ದಾನ ತೆಗೆದುಕೊಂಡು ಸ್ವತ್ತು ಮಾಡಿದ. ಮಕ್ಕಳು ಹಂಚಿಕೊಳ್ಳಬಹುದೇ? ಒಡೆತನ ಶಾಸ್ತ್ರದಿಂದ ಮಾತ್ರ ಬರುವುದಾದರೆ ಅದು ಸ್ವತ್ತೇ ಅಲ್ಲ, ಹಂಚುವ ಮಾತೇ ಇಲ್ಲ. ಲೋಕದಿಂದ ಬರುವುದಾದರೆ ಅದು ಸ್ವತ್ತು ಹೌದು. ಪ್ರಾಯಶ್ಚಿತ್ತ ಗಳಿಸಿದವನಿಗೆ, ಮಕ್ಕಳಿಗೆ ಅದು ದಾಯವಾಗಿ, ಅಂದರೆ ಅಪ್ಪನಿಂದ ಬಂದ ಆಸ್ತಿಯಾಗಿ, ಧರ್ಮದ ದಾರಿಯಲ್ಲೇ ಬಂದದ್ದು, ಅವರಿಗೆ ಪಾಪವಿಲ್ಲ. ಅಪ್ಪನ ತಪ್ಪನ್ನು ಮಕ್ಕಳ ತಲೆಗೆ ಕಟ್ಟದ ಈ ನಿಲುವಿನಲ್ಲಿ ಕರುಣೆ ಇದೆ. ಆದರೆ ಅವನ ಉದಾಹರಣೆಯಲ್ಲಿ ಕೊಟ್ಟವನು ಮನಸಾರೆ ಕೊಟ್ಟಿದ್ದಾನೆ. ಲಂಚ ಕೊಟ್ಟವನು ಹಾಗೆ ಕೊಟ್ಟಿರುವುದಿಲ್ಲ, ಕಸಿದುಕೊಂಡ ಹೊಲದ ಮಾಲಕನಂತೂ ಕೊಟ್ಟೇ ಇಲ್ಲ. ಅಂಥ ಸ್ವತ್ತಿಗೆ ಈ ವಾದವನ್ನು ಎಳೆದು ತಂದು ಸಮಾಧಾನ ಮಾಡಿಕೊಳ್ಳುವುದು ತಪ್ಪು. ಅಲ್ಲಿ ‘ನನ್ನದನ್ನು ಒಯ್ದ’ ಎಂದು ಹೇಳುವ ಒಬ್ಬ ಇನ್ನೂ ಇದ್ದಾನೆ.

ಇನ್ನು ತಂಗಿ. ವಾರಸಿಗೆ ಬರುವ ಹತ್ತಿರದ ಬಂಧುವನ್ನು ಸಪಿಂಡ ಎನ್ನುತ್ತಾರೆ. ಹಾಗೆಂದರೆ ಪಿಂಡ ಇಡುವ ಸಂಬಂಧ ಎಂದು ಬಂಗಾಳದವರು ಹೇಳಿದರೆ, ವಿಜ್ಞಾನೇಶ್ವರ ಪಿಂಡ ಎಂದರೆ ದೇಹ ಎನ್ನುತ್ತಾನೆ: ಒಂದೇ ದೇಹದ ಕಣಗಳು ಹರಿದು ಬಂದವರು ಸಪಿಂಡರು. ಈ ವಾದ ಹಿಡಿದು ಹೊರಟರೆ ಮಗಳಿಗೂ ಮಗನಿಗೂ ಭೇದ ಇರಬಾರದು. ಅಪ್ಪನ ದೇಹ ಅವಳಲ್ಲೂ ಅಷ್ಟೇ ಇದೆ. ಅವನು ಅಲ್ಲಿಯವರೆಗೆ ಹೋಗಲಿಲ್ಲ, ಅದು ಅವನ ವಾದದ ಸೋಲು ಎಂದೇ ಹೇಳಬೇಕು. ಆದರೂ ಅವಳಿಗೆ ಮದುವೆ ಖರ್ಚು ಕೊಟ್ಟರೆ ಸಾಕು ಎಂಬವರನ್ನು ಅವನು ಖಂಡಿಸುತ್ತಾನೆ. ಅವಳದು ಪಾಲು ಎಂದು ಹೇಳಿ ಲೆಕ್ಕವನ್ನೂ ಕೊಡುತ್ತಾನೆ. ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು ಇದ್ದರೆ ಮೂರು ಭಾಗ ಮಾಡು, ಒಂದು ಭಾಗವನ್ನು ನಾಲ್ಕಾಗಿ ಒಡೆದು ಅದರಲ್ಲೊಂದು ಅವಳಿಗೆ ಕೊಡು. ನಮ್ಮ 12 ಎಕರೆಯಲ್ಲಿ ಒಂದು ಭಾಗಕ್ಕೆ 4 ಎಕರೆ, ಅದರ ಕಾಲು 1 ಎಕರೆ ತಂಗಿಗೆ. ಉಳಿದ 11ರಲ್ಲಿ ಅಣ್ಣತಮ್ಮಂದಿರಿಗೆ ತಲಾ 5 ಎಕರೆ 20 ಗುಂಟೆ.

ಇವತ್ತಿನ ಲೆಕ್ಕದಲ್ಲಿ ಮೂವರಿಗೂ ತಲಾ 4 ಎಕರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೂ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಕೇಂದ್ರದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ವಿಜ್ಞಾನೇಶ್ವರ ಗಂಡುಮಕ್ಕಳಿಗೆ ಹೇಳಿದ ‘ಹುಟ್ಟಿನಿಂದಲೇ’ ಎಂಬ ಮಾತು ಅವಳನ್ನು ಮುಟ್ಟಲು ಒಂಬೈನೂರು ವರ್ಷ ಹಿಡಿಯಿತು. ಒಂದು ಎಚ್ಚರ: 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಾಟ್ನಿಯನ್ನು ಈ ಕಾನೂನು ಕೆದಕುವುದಿಲ್ಲ. ಪಂಚರ ಎದುರು ಬಾಯಿಮಾತಿನಲ್ಲಿ ಆಯಿತು ಎಂದರೆ ಸಾಲದು.

ಕಾನೂನು ಇಷ್ಟು ಮುಂದೆ ಬಂದರೂ ಹೊಲದ ಬದುವಿನ ಮೇಲೆ ನಡೆಯುವುದು ಬೇರೆ. ‘ತಂಗೀ, ಇಲ್ಲೊಂದು ಸಹಿ ಮಾಡವ್ವಾ.’ ‘ಏನದು ಅಣ್ಣಾ?’ ‘ಏನಿಲ್ಲ, ಖಾತೆ ಬದಲಿ ಮಾಡಾಕ.’ ಹಕ್ಕು ಬಿಡುಗಡೆ ಪತ್ರ ಹಾಗೆ ಆಗುತ್ತದೆ. ತವರಿನ ಬಾಗಿಲು ಮುಚ್ಚಬಾರದೆಂದು ಅವಳು ಓದದೆ ಸಹಿ ಹಾಕುತ್ತಾಳೆ. ನಿಜವಾಗಿ ಬೇಡ ಎನ್ನುವವರೂ ಇದ್ದಾರೆ, ಅದು ಅವರ ದೊಡ್ಡ ಮನಸ್ಸು. ಅಂಥವರ ಬಗ್ಗೆ ಯಾಜ್ಞವಲ್ಕ್ಯನಲ್ಲಿ ಒಂದು ಮಾತಿದೆ: ಸಮರ್ಥನಾಗಿದ್ದು ಪಾಲು ಬೇಡ ಎನ್ನುವವನನ್ನು ಏನಾದರೂ ಸ್ವಲ್ಪ ಕೊಟ್ಟು ಬೇರೆ ಮಾಡಬೇಕು. ಬೇಡ ಎಂದವನಿಗೆ ಯಾಕೆ ಕೊಡಬೇಕು? ಮುಂದೆ ಅವನ ಮಕ್ಕಳಿಗೆ ಪಾಲಿನ ಆಸೆ ಹುಟ್ಟದಿರಲಿ ಎಂದು, ಎನ್ನುತ್ತಾನೆ ವಿಜ್ಞಾನೇಶ್ವರ. ಕೊಟ್ಟ ವಸ್ತುವಿಗೆ ಬೆಲೆ ಇಲ್ಲದಿದ್ದರೂ ನಡೆದೀತು. ಗಂಡುಮಕ್ಕಳಿಗೆ ಬರೆದ ಆ ಮಾತನ್ನು ಈಗ ತಂಗಿಗೂ ಓದಿಕೊಳ್ಳಬೇಕು. ಅವಳು ಬಿಟ್ಟುಕೊಡುವುದೇ ಆದರೆ ಪತ್ರದಲ್ಲಿ ಸರ್ವೇ ನಂಬರು ಇರಲಿ, ‘4 ಎಕರೆ’ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಪ್ರತಿಯಾಗಿ ಅವಳ ಕೈಗೆ ಬಂದದ್ದು, ಬಂಗಾರವೋ, ಹೊಲದಂಚಿನ ಒಂದು ಬೇವಿನ ಮರವೋ, ಅದರ ಹೆಸರೂ ಇರಲಿ. ಸಹಿಗೆ ಮುಂಚೆ ಒಬ್ಬರು ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಲಿ.