ಆರ್‌ಪಿಎಂ ಮೀಟರ್‌ನ ಆ ನಾಲ್ಕನೇ ವಯರ್ ಎಲ್ಲಿಗೆ?

ಹೊರಗಡೆಯಿಂದ ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋದು) ತಂದಿದೀನಿ, ನಾಲ್ಕು ವಯರ್ ಇದೆ, ಎಲ್ಲೆಲ್ಲಿಗೆ ಕೊಡ್ಲಿ ಅಂತ ಕೇಳ್ತಾನೇ ಇರ್ತಾರೆ. ಮೂರಕ್ಕೆ ತಲೆ ಕೆಡಿಸ್ಕೋಬೇಡಿ. ಸಾಮಾನ್ಯವಾಗಿ ಕೆಂಪು ಅಂದ್ರೆ ಕೀ ಆನ್ ಮಾಡಿದಾಗ ಮಾತ್ರ ಬರೋ 12 ವೋಲ್ಟ್, ಮಧ್ಯೆ ಒಂದು ಚಿಕ್ಕ ಫ್ಯೂಸ್ ಇರ್ಲಿ, ಕಪ್ಪು ಬಾಡಿ ಅರ್ಥ್‌ಗೆ, ಬಿಳಿ ಲೈಟಿಗೆ. ಆದ್ರೂ ಬಣ್ಣ ನಂಬೋ ಮುಂಚೆ ಜೊತೇಲಿ ಬಂದ ಚೀಟಿ ನೋಡ್ಕೊಳಿ.

ಉಳಿದಿದ್ದು ಎಂಜಿನ್ ವೇಗದ ಸುದ್ದಿ ಮೀಟರ್‌ಗೆ ತರೋ ಸಿಗ್ನಲ್ ವಯರ್, ಹೆಚ್ಚಾಗಿ ಹಸಿರು, ಎಲ್ರೂ ಎಡವೋದು ಇಲ್ಲೇ. ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ಸ್ಪಾರ್ಕನ್ನ ಎಲ್ಲಾ ಪ್ಲಗ್ಗಿಗೂ ಹಂಚೋದು) ಇರೋ ಹಳೇ ಪೆಟ್ರೋಲ್ ಗಾಡಿ ಆದ್ರೆ, ಸ್ಪಾರ್ಕಿಗೆ ವೋಲ್ಟೇಜ್ ಏರಿಸೋ ಇಗ್ನಿಷನ್ ಕಾಯಿಲ್‌ನ ಮೈನಸ್ ಕಡೆಗೆ ಕೊಡಿ, ಪ್ಲಸ್‌ಗೆ ಕೊಟ್ರೆ ಸೂಜಿ ಅಲ್ಲಾಡಲ್ಲ. ಎಂಜಿನ್ ಓಡ್ತಿರುವಾಗ ಮಾತ್ರ ಆ ಮೈನಸ್ ತುದಿ ಮುಟ್ಬೇಡಿ, ಬ್ಯಾಟರಿ 12 ವೋಲ್ಟೇ ಇದ್ರೂ ಸ್ಪಾರ್ಕ್ ಆಗೋ ಕ್ಷಣದಲ್ಲಿ ಅಲ್ಲಿ ನೂರಾರು ವೋಲ್ಟ್ ಎದ್ದೇಳುತ್ತೆ. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರೋ ಹೊಸ ಗಾಡಿಗಳಲ್ಲಿ ಈ ಲೆಕ್ಕ ನಡೆಯಲ್ಲ, ಒಂದು ಕಾಯಿಲ್ ಹಿಡಿದ್ರೆ ಒಂದೇ ಸಿಲಿಂಡರ್ ಸ್ಪಾರ್ಕ್ ಸಿಗೋದು, ಅದಕ್ಕೆ ಇಸಿಯುನಿಂದ (ಎಂಜಿನ್ ನಡೆಸೋ ಕಂಪ್ಯೂಟರ್) ಟ್ಯಾಕೋ ಔಟ್‌ಪುಟ್, ಅಂದ್ರೆ ಆರ್‌ಪಿಎಂ ಮೀಟರ್‌ಗೆ ಅಂತಲೇ ಬರೋ ಸಿಗ್ನಲ್, ಇದ್ಯಾ ನೋಡಿ, ಇಲ್ಲಾಂದ್ರೆ ಅಡಾಪ್ಟರ್ ಬೇಕು. ಡೀಸೆಲ್‌ಗೆ ಸ್ಪಾರ್ಕೇ ಇಲ್ವಲ್ಲ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ನಲ್ಲಿ W ಅಂತ ಬರೆದಿರೋ ಟರ್ಮಿನಲ್‌ನಿಂದ ಸಿಗ್ನಲ್ ತಗೊಳೋ ಬೇರೆ ಥರದ ಮೀಟರ್ರೇ ತಗೋಬೇಕು.

ಇನ್ನೊಂದು, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡ್ತಿರುವಾಗ) 400 ತೋರಿಸ್ತಿದೆ, ಮೀಟರ್ ಹಾಳಾಗಿದೆ ಅಂತ ಹೇಳೋರೂ ಇದ್ದಾರೆ. ಹಾಳಾಗಿರಲ್ಲ ಸ್ವಾಮಿ, ಮೀಟರ್ ಹಿಂದೆ ಎಷ್ಟು ಸಿಲಿಂಡರ್ ಅಂತ ಆರಿಸೋ ಸ್ವಿಚ್ 4ರ ಬದಲು 8ರಲ್ಲಿ ಇರುತ್ತೆ ಅಷ್ಟೇ! ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸ್ಪಾರ್ಕ್ ಕೊಡುತ್ತೆ, ಎಂಟರದ್ದು ನಾಲ್ಕು ಸಲ, ಹಾಗಾಗಿ ತಪ್ಪು ಸೆಟ್ಟಿಂಗ್‌ನಲ್ಲಿ 800 ಇದ್ದಿದ್ದು ಸರಿಯಾಗಿ ಅರ್ಧ ಆಗುತ್ತೆ.

ನಾನೇನು ಮೊದಲ ಸಲವೇ ಸರಿ ಹಾಕಿದೋನಲ್ಲ. ನೋಡೋಕೆ ಚೆನ್ನಾಗಿರ್ಲಿ ಅಂತ ಸಿಗ್ನಲ್ ವಯರ್‌ನ ಪ್ಲಗ್ ವಯರ್‌ಗಳ ಜೊತೇಲೇ ಸೇರಿಸಿ ಟೈ ಕಟ್ಟಿದ್ದೆ, 3000 ದಾಟಿದ್ರೆ ಸಾಕು ಸೂಜಿ ದೆವ್ವ ಹಿಡಿದಂಗೆ ಕುಣೀತಿತ್ತು. ಅರ್ಥ್ ಮೂರು ಸಲ ಕೆರೆದು ಹಾಕ್ದೆ, ಮೀಟರ್ರೇ ಬದಲಾಯಿಸ್ದೆ, ಕೊನೆಗೆ ಬೇಜಾರಾಗಿ ಟೈ ಕಟ್ ಮಾಡಿ ಆ ವಯರ್‌ನ ಎಂಜಿನ್‌ನ ಇನ್ನೊಂದು ಪಕ್ಕದಿಂದ ತಂದೆ ನೋಡಿ, ಸೂಜಿ ಗಪ್‌ಚುಪ್. ಹಳೇ ಮೀಟರ್ ಈಗ್ಲೂ ಡ್ರಾಯರ್‌ನಲ್ಲಿ ಬಿದ್ದಿದೆ, ಅದಕ್ಕೇನೂ ಆಗಿಲ್ಲ.